ಉಸಿರಿನ ಬಲಕ್ಕೆ ಸರಾಸರಿ ಸಾಲದು

ಆಡಿಕೊಂಡು ಓಡಿಕೊಂಡಿರುವ ಮಗುವಿನ ಉಸಿರಾಟದ ಸ್ನಾಯುಗಳ ಬಲವನ್ನು ಅಳೆಯುವುದೇಕೆ? ಹೆತ್ತವರು ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪರೀಕ್ಷೆಯಿಂದ ಆ ಮಗುವಿಗೆ ನೇರ ಲಾಭವೇನೂ ಇಲ್ಲ. ಆರೋಗ್ಯವಂತ ಮಕ್ಕಳ ಸರಾಸರಿ ಗೊತ್ತಿದ್ದರೆ ಕಾಯಿಲೆಯ ಮಗುವಿನ ಕೊರತೆ ತಿಳಿಯುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಅಳೆಯಬೇಕೆಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದಕ್ಕೆ ಕೊಡುವ ಕಾರಣವನ್ನು ಮಾತ್ರ ವಿನಯದಿಂದಲೇ ಪ್ರಶ್ನಿಸುತ್ತೇನೆ. ಸರಾಸರಿ ನಮಗೆ ಹೇಳುವುದು ಬಹಳ ಕಡಿಮೆ. ಆರೋಗ್ಯದ ಹರವು ಎಷ್ಟು ದೊಡ್ಡದು ಎಂದು ತಿಳಿಯಲು ಈ ಮಕ್ಕಳನ್ನು ಅಳೆಯಬೇಕು.

ಪರೀಕ್ಷೆ ನೋಡಲು ಸರಳ. ಮೂಗಿಗೆ ಕ್ಲಿಪ್ ಹಾಕಿ, ಮುಚ್ಚಿದ ಕೊಳವೆಯೊಂದನ್ನು ಮಗುವಿನ ಬಾಯಿಗೆ ಕೊಡುತ್ತಾರೆ. ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಶಕ್ತಿಮೀರಿ ಒಳಗೆಳೆಯಬೇಕು. ಆಮೇಲೆ ಎದೆ ತುಂಬ ಉಸಿರು ತುಂಬಿಕೊಂಡು, ಶಕ್ತಿಮೀರಿ ಊದಬೇಕು. ಗಾಳಿ ಹೆಚ್ಚುಕಡಿಮೆ ಚಲಿಸುವುದೇ ಇಲ್ಲ, ಯಂತ್ರ ಅಳೆಯುವುದು ಒತ್ತಡವನ್ನು. ಕೆನ್ನೆಯಿಂದ ಹೀರಿದ್ದು ಲೆಕ್ಕಕ್ಕೆ ಬಾರದಂತೆ ಕೊಳವೆಯಲ್ಲಿ ಸುಮಾರು 2 ಮಿಲಿಮೀಟರಿನ ಸಣ್ಣ ರಂಧ್ರ ಇರುತ್ತದೆ. ವಯಸ್ಕರಲ್ಲಿ ಈ ವಿಧಾನವನ್ನು ಬ್ಲ್ಯಾಕ್ ಮತ್ತು ಹಯಾಟ್ 1969ರಲ್ಲಿ ಪ್ರಕಟಿಸಿದರು. ಫಲಿತಾಂಶವನ್ನು ಇಷ್ಟು ಸೆಂಟಿಮೀಟರ್ ನೀರಿನ ಒತ್ತಡ ಎಂದು ಬರೆಯುತ್ತಾರೆ.

ಆ ಸಂಖ್ಯೆಯನ್ನು ಸ್ನಾಯುವಿನ ಬಲ ಎಂದುಕೊಳ್ಳುವಲ್ಲೇ ನಾವು ಎಡವುತ್ತೇವೆ. ಸರಿಯಾಗಿ ಮಾಡಿದ ಪರೀಕ್ಷೆಯಲ್ಲಿ ದೊಡ್ಡ ಸಂಖ್ಯೆ ಬಂದರೆ ಸ್ನಾಯು ಗಟ್ಟಿಯಾಗಿದೆ ಎಂದು ಧೈರ್ಯವಾಗಿ ಹೇಳಬಹುದು, ಇಲ್ಲದ ಬಲವನ್ನು ಯಾರೂ ತೋರಿಸಲಾರರು. ಸಣ್ಣ ಸಂಖ್ಯೆ ಬಂದಾಗ ಆ ಧೈರ್ಯಕ್ಕೆ ಆಧಾರವಿಲ್ಲ. ಸ್ನಾಯು ಸೋತಿರಬಹುದು, ತುಟಿಯ ಸಂದಿನಲ್ಲಿ ಗಾಳಿ ಸೋರಿರಬಹುದು, ಮಗು ಹೆದರಿರಬಹುದು, ಹೇಳಿದ್ದು ಅರ್ಥವೇ ಆಗದಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೆ ದೂರದೂರದ ಊರುಗಳಿಂದ ಸ್ನಾಯುರೋಗದ ಮಕ್ಕಳು ಬರುತ್ತಾರೆ. ಕಲಬುರಗಿ ಕಡೆಯ ಎಂಟು ವರ್ಷದ ಮಗುವಿಗೆ ಪರಿಚಯವಿಲ್ಲದ ಮಾತಿನ ಧಾಟಿಯಲ್ಲಿ ಅವಸರವಾಗಿ ಹೇಳಿದರೆ, ಎಲ್ಲಿ ಹೇಳಿದರೂ ಸರಿ, ಕಾಗದದ ಮೇಲೆ ಬರುವುದು ಮಗುವಿನ ಗಲಿಬಿಲಿಯ ಅಳತೆ.

ಒಂದೇ ಸ್ನಾಯು ಬೇರೆ ಬೇರೆ ಸಂಖ್ಯೆ ಕೊಡುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಸ್ಟೆಫನುಟ್ಟಿ ಮತ್ತು ಫಿಟ್ಟಿಂಗ್ 6ರಿಂದ 17 ವರ್ಷದ ಆರೋಗ್ಯವಂತ ಮಕ್ಕಳಲ್ಲಿ ಇನ್ನೊಂದು ವಿಧಾನದಿಂದಲೂ ಅಳೆದು 1999ರಲ್ಲಿ ಪ್ರಕಟಿಸಿದರು. ಒಂದು ಹೊಳ್ಳೆಗೆ ಒತ್ತಡದ ನಳಿಕೆ ಇಟ್ಟು, ಇನ್ನೊಂದರಿಂದ ಸರ್ರನೆ ಮೂಗು ಎಳೆದುಕೊಳ್ಳಲು ಹೇಳುವ ವಿಧಾನ ಅದು. ಕೊಳವೆ ಕಚ್ಚಿ ಎಳೆದಾಗ ಬಂದದ್ದಕ್ಕಿಂತ ಹೆಚ್ಚಿನ ಒತ್ತಡ ಬಹುಪಾಲು ಮಕ್ಕಳಲ್ಲಿ ಇದರಿಂದಲೇ ಬಂತು. ವಪೆ ಅದೇ, ಪಕ್ಕೆಲುಬಿನ ಸ್ನಾಯುಗಳೂ ಅವೇ. ಮೂಗು ಎಳೆಯುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಕೊಳವೆಯನ್ನು ಮಾತ್ರ ಕಲಿಸಬೇಕು. ಮೂಗು ಕಟ್ಟಿದ್ದರೆ ಈ ವಿಧಾನವೂ ಕಡಿಮೆ ತೋರಿಸುತ್ತದೆ, ಅದು ಬೇರೆ ಮಾತು.

ಇನ್ನು ಸೂತ್ರಗಳ ವಿಚಾರ. ವಿಲ್ಸನ್ ಮತ್ತು ಸಂಗಡಿಗರು 1984ರಲ್ಲಿ ಬ್ರಿಟನ್‌ನಲ್ಲಿ ಪ್ರಕಟಿಸಿದ ಸೂತ್ರಗಳು ಇಂದಿಗೂ ಉಲ್ಲೇಖವಾಗುತ್ತವೆ. ಅವುಗಳ ಪ್ರಕಾರ ಹುಡುಗಿ ಊದುವ ಒತ್ತಡ ತಿಳಿಯಲು ವಯಸ್ಸನ್ನು 4.8ರಿಂದ ಗುಣಿಸಿ 24 ಕೂಡಬೇಕು. ಏಳು ವರ್ಷದವಳಿಗೆ ಬರುವುದು ಸುಮಾರು 58. ಇನ್ನೊಂದು ಕಡೆ, ಡುಷೆನ್ ಸ್ನಾಯುಕ್ಷಯದ ರೋಗಿಗಳಲ್ಲಿ ಊದುವ ಒತ್ತಡ 60ಕ್ಕಿಂತ ಕೆಳಗಿಳಿದರೆ ಕೆಮ್ಮಿ ಕಫ ಹೊರಹಾಕಲು ನೆರವು ಬೇಕಾಗುತ್ತದೆ ಎಂಬುದು ಅಮೆರಿಕದ ಥೊರಾಸಿಕ್ ಸೊಸೈಟಿ 2004ರಲ್ಲಿ ಕೊಟ್ಟ ಸೂಚನೆ. ಆ ರೋಗಕ್ಕೆ ಆ ಗೆರೆ ಸರಿಯಾದದ್ದೇ. ಅದನ್ನೇ ಎತ್ತಿ ಬೇರೆ ಕಡೆ ಇಟ್ಟರೆ, ಏನೂ ಕಾಯಿಲೆಯಿಲ್ಲದ ಸಾಧಾರಣ ಏಳು ವರ್ಷದ ಹುಡುಗಿ ಗೆರೆಯ ಕೆಳಗೆ ಬೀಳುತ್ತಾಳೆ.

ವಿಲ್ಸನ್ ಸಂಗಡಿಗರ ಅದೇ ಅಧ್ಯಯನದಲ್ಲಿ ಹುಡುಗರು ಒಳಗೆಳೆಯುವ ಒತ್ತಡಕ್ಕೆ ಆಧಾರ ವಯಸ್ಸಲ್ಲ, ತೂಕ. ಪ್ರತಿ ಕಿಲೋಗೆ 0.75ರಂತೆ ನಿರೀಕ್ಷೆ ಏರುತ್ತದೆ. ಹತ್ತು ಕಿಲೋ ಬೊಜ್ಜು ಬೆಳೆಸಿಕೊಂಡ ಹುಡುಗನಿಂದ ಸೂತ್ರ 7.5ರಷ್ಟು ಹೆಚ್ಚು ಬಲ ಕೇಳುತ್ತದೆ. ಬೊಜ್ಜು ಉಸಿರೆಳೆಯುವುದಿಲ್ಲವಲ್ಲ!

ಹಾಗಾದರೆ ನಮ್ಮ ಮಕ್ಕಳಿಗೆ ನಮ್ಮದೇ ಕೋಷ್ಟಕ ಬೇಕು ಎಂಬ ವಾದ ಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ಬ್ರಿಟನ್ನಿನ ಸರಾಸರಿಯನ್ನು ತೆಗೆದು ಅಲ್ಲಿ ಕರ್ನಾಟಕದ ಸರಾಸರಿ ಇಟ್ಟರೆ ತೊಂದರೆ ತೀರುವುದಿಲ್ಲ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತ ಮಕ್ಕಳಲ್ಲಿ ಒಬ್ಬರ ಒತ್ತಡ ಇನ್ನೊಬ್ಬರ ಎರಡರಷ್ಟಿದ್ದರೂ ಆಶ್ಚರ್ಯವಿಲ್ಲ. ನಮ್ಮ ಕೋಷ್ಟಕವೂ ನಡುವಿನ ಒಂದೇ ಸಂಖ್ಯೆಯನ್ನು ಅಚ್ಚು ಹಾಕಿ, ಈ ಹರವನ್ನು ಮುಚ್ಚಿಟ್ಟರೆ ಅದೇ ತಪ್ಪು ನಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆ. ಶಾಲೆಯ ಆರೋಗ್ಯ ತಪಾಸಣೆಗೆ ಇಂಥ ಕೋಷ್ಟಕ ಸೇರಿತೆಂದರೆ, ಗಟ್ಟಿಯಾಗಿರುವ ಎಷ್ಟೋ ಮಕ್ಕಳ ಹೆಸರಿನ ಮುಂದೆ ‘ದುರ್ಬಲ’ ಎಂದು ಬರೆದುಬಿಡುತ್ತೇವೆ.

ಆದ್ದರಿಂದ ವರದಿಯಲ್ಲಿ ಸಂಖ್ಯೆಯ ಜೊತೆಗೆ ಆ ವಯಸ್ಸಿನ ಕೆಳಮಿತಿ, ಬಳಸಿದ ಕೊಳವೆಯ ಬಗೆ, ಮಾಡಿಸಿದ ಪ್ರಯತ್ನಗಳ ಲೆಕ್ಕ ಎಲ್ಲವೂ ಇರಬೇಕು. ಕಡಿಮೆ ಬಂದರೆ ಮೊದಲು ಪರೀಕ್ಷೆಯನ್ನು ಅನುಮಾನಿಸಿ, ಇನ್ನೊಂದು ವಿಧಾನದಿಂದ ಮತ್ತೆ ಅಳೆಯಬೇಕು. ಸ್ನಾಯುರೋಗದ ಮಗುವನ್ನು ಊರಿನ ಸರಾಸರಿಗೆ ಹೋಲಿಸುವುದಕ್ಕಿಂತ, ಆರು ತಿಂಗಳ ಹಿಂದಿನ ಅದೇ ಮಗುವಿಗೆ ಹೋಲಿಸುವುದು ಹೆಚ್ಚು ಉಪಯುಕ್ತ.

ಇಷ್ಟೆಲ್ಲ ಸಾಧ್ಯವಾಗುವುದು ಆರೋಗ್ಯವಂತ ಮಕ್ಕಳು ಮುಂದೆ ಬಂದರೆ ಮಾತ್ರ. ಮಗು ಖುಷಿಯಿಂದ ಒಪ್ಪಿದರೆ ಹೆತ್ತವರೂ ಒಪ್ಪಲಿ ಎಂದು ಕೇಳಿಕೊಳ್ಳುತ್ತೇನೆ. ಆ ಕೆಲವು ನಿಮಿಷಗಳ ಫಲ ಸಿಗುವುದು ಬೇರೆ ಮಕ್ಕಳಿಗೆ: ನಿಜವಾಗಿ ಸೋತ ಉಸಿರಿಗೆ ಬೇಗ ನೆರವು ಸಿಗುತ್ತದೆ, ಸೋಲದ ಉಸಿರಿಗೆ ರೋಗದ ಹೆಸರು ಅಂಟುವುದು ತಪ್ಪುತ್ತದೆ. ಈ ಎರಡನೆಯ ಲಾಭವನ್ನು ನಾವು ಇನ್ನೂ ಲಾಭವೆಂದು ಎಣಿಸಿಲ್ಲ, ಎಣಿಸಬೇಕು.