ಪಾರ್ಸಲ್ ಮಿರ್ಚಿ ಬ್ಯಾಡ, ಬಿಸಿದು ಕೊಡ್ರಿ

ರಜೆ ಬಂತಂದ್ರ ಸಾಕು, ಬೆಂಗಳೂರು, ಪುಣೆ ಕಡೆಯಿಂದ ಮಕ್ಕಳು, ಮೊಮ್ಮಕ್ಕಳು, ಬೀಗರು ಹಾವೇರಿಗೆ ಬರುತ್ತಾರೆ. "ಇಲ್ಲೆ ನೋಡೂದು ಏನೈತಿ? ಸಂಜೀಕ ತಿರುಗಾಡೂದು ಎಲ್ಲೆ?" ಅನ್ನೋದು ಅವರ ಪ್ರಶ್ನೆ. ಮನೆಯ ಹೆಣ್ಣುಮಕ್ಕಳ ಪ್ರಶ್ನೆ ಬೇರೆ: "ಎಷ್ಟು ಮಂದಿಗೆ ಬುತ್ತಿ ಕಟ್ಟಬೇಕು?"

ಮೊದಲಿನದಕ್ಕೆ ಉತ್ತರ ಸುಲಭ. ಬೆಳಿಗ್ಗೆ ಬೇಗ ಹೊರಟು ಗುತ್ತಲ ಮಾರ್ಗವಾಗಿ ಗಳಗನಾಥಕ್ಕೆ ಹೋಗಿ. ವರದಾ ನದಿ ತುಂಗಭದ್ರೆಯನ್ನು ಕೂಡುವ ಜಾಗ ಅದು. ಗಳಗೇಶ್ವರ ಗುಡಿಯ ಬುಡವನ್ನು ಮೆಟ್ಟಿಲು ಮೆಟ್ಟಿಲಾಗಿ ಪಿರಮಿಡ್ಡಿನಂತೆ ಕಟ್ಟಿದ್ದಾರೆ, ಮಕ್ಕಳಿಗೆ ಭಾಳ ಸೇರ್ತದ. ಅಲ್ಲಿಂದ ಚೌಡಯ್ಯದಾನಪುರ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು, ಹೊಳೆ ದಂಡೆಯ ಮುಕ್ತೇಶ್ವರ ಗುಡಿ. ಎರಡೂ ಸಣ್ಣ ಊರು, ನೀರು, ಒಂದಿಷ್ಟು ಚುರುಮರಿ ಜೊತೆಗಿರಲಿ. ಬುತ್ತಿ ಮಾತ್ರ ಬೇಡ.

ಯಾಕಂದ್ರೆ ಮಧ್ಯಾಹ್ನದ ಹೊತ್ತಿಗೆ ರಾಣೆಬೆನ್ನೂರು ಸಿಗುತ್ತದೆ. ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಮನಿ ಊಟಾನ ಇದು, ಇದಕ್ಯಾಕ ರೊಕ್ಕ?" ಅಂತ ಗಂಡಸರು ಗೊಣಗಬಹುದು. ಮನೆ ಊಟ ಹೌದು, ಆದರೆ ಇಲ್ಲಿ ಮನೆಯಾಕೆ ಒಲೆ ಮುಂದಿಲ್ಲ. ಎಲ್ಲರ ಜೊತೆ ಕೂತಿದ್ದಾಳೆ, "ಅಕ್ಕಾರ, ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಅಂತ ಆಕೆಯನ್ನೂ ಒಬ್ಬರು ಕೇಳುತ್ತಾರೆ. ಪ್ರವಾಸದಲ್ಲಿ ಆಕೆಗೆ ಸಿಗೋ ರಜೆ ಅಂದ್ರೆ ಇಷ್ಟ.

ಊಟವಾದ ಮೇಲೆ ಹುಡುಗರಿಗೆ ಜಿಂಕೆ ಬೇಕೆಂದರೆ, 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ ರಾಣೆಬೆನ್ನೂರಲ್ಲೇ ಇದೆ. ಇಲ್ಲದಿದ್ದರೆ ನೇರ ಬ್ಯಾಡಗಿ. ಸುಗ್ಗಿಯಲ್ಲಾದರೆ ಊರೆಲ್ಲ ಕೆಂಪು, ಗಂಟಲಿಗೆ ಘಾಟು. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಉರಿಯುವ ಕೈಗಳನ್ನೂ ಮೊಮ್ಮಕ್ಕಳಿಗೆ ತೋರಿಸಿ.

ಹಾವೇರಿಯ ಪುರಸಿದ್ಧೇಶ್ವರ ಗುಡಿಯನ್ನು ಸಂಜೆಗೇ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿದ ಚಾಲುಕ್ಯರ ಕಾಲದ ಗುಡಿ, ಇಳಿಬಿಸಿಲು ಎದುರಿನಿಂದಲೇ ಬೀಳುತ್ತದೆ.

ಇನ್ನು ನಮ್ಮ ನೈಟ್‌ಲೈಫ್! ದೀಪ ಹಚ್ಚುವ ಹೊತ್ತಿಗೆ ಮಿರ್ಚಿ, ಗಿರಮಿಟ್ ಗಾಡಿಗಳ ಮುಂದೆ ಗದ್ದಲ. ಆದರೆ ನಿಂತವರನ್ನು ಎಣಿಸಿ ನೋಡಿ. ಗಂಡಸರು ಅಲ್ಲೇ ಬಾಣಲೆಯಿಂದ ತೆಗೆದದ್ದನ್ನು ತಿಂತಾರ, ಮನೆಯವರಿಗೆ ಕಾಗದದಾಗ ಕಟ್ಟಿಸ್ಕೊಂಡು ಹೋಗ್ತಾರ. ಮನೆ ಮುಟ್ಟೋದ್ರೊಳಗ ಮಿರ್ಚಿ ಮೆತ್ತಗಾಗಿ, ಗಿರಮಿಟ್ ಹಸಿಯಾಗಿರ್ತದ. ಎಷ್ಟೋ ಅವ್ವಂದಿರಿಗೆ ಮಿರ್ಚಿ ಅಂದ್ರ ಆ ಮೆತ್ತಗಿನ ರುಚಿನ.

ಯಾರೂ ಬ್ಯಾಡ ಅಂದದ್ದಲ್ಲ, ಯಾರೂ ಕರೆದಿಲ್ಲ ಅಷ್ಟೆ. ಈ ರಜೆಯಲ್ಲಿ ಕರೀರಿ. ಅವ್ವ, ಅತ್ತೆ, ಸೊಸೆ ಎಲ್ಲರನ್ನೂ ಗಾಡಿ ಮುಂದೆ ನಿಲ್ಲಿಸಿ, ಒಂದೊಂದು ಬಿಸಿ ಮಿರ್ಚಿ ಕೈಗೆ ಕೊಡಿ. "ಮಂದಿ ನೋಡ್ತಾರ" ಅಂದರೆ, "ನೋಡ್ಲಿ ಬಿಡವ್ವ, ಅವರೂ ನಾಳೆ ತಮ್ಮ ಮನಿಯವರನ್ನ ಕರ್ಕೊಂಡು ಬರ್ತಾರ" ಅನ್ನಿ.