ಕಣ್ಣಿನ ಕ್ರೀಮು ಬೇಕೆ?

ಕಾಲೇಜು ವಿದ್ಯಾರ್ಥಿಗಳೊಡನೆ ಮಾತನಾಡುವಾಗ ನಮಗೆ ಈಚೆಗೆ ಮತ್ತೆ ಮತ್ತೆ ಎದುರಾಗುತ್ತಿರುವ ಪ್ರಶ್ನೆ ಒಂದಿದೆ. ಮುಖಕ್ಕೆ ಹಚ್ಚಿಕೊಳ್ಳುವ ಕ್ರೀಮು ಇದ್ದೇ ಇರುವಾಗ ಕಣ್ಣಿನ ಸುತ್ತ ಹಚ್ಚಲೆಂದೇ ಬೇರೊಂದು ಕ್ರೀಮು ಬೇಕೆ? ಇದು ವಿಜ್ಞಾನ ಪತ್ರಿಕೆಗೆ ತಕ್ಕ ವಿಷಯವೇ ಎಂದು ಹಿರಿಯರಲ್ಲಿ ಕೆಲವರು ಹುಬ್ಬೇರಿಸಬಹುದು. ತಕ್ಕದ್ದೆಂದೇ ನಮ್ಮ ಮತ. ನಕ್ಷತ್ರಗಳ ದೂರವನ್ನು ಅಳೆಯುವ ವಿಚಾರಶಕ್ತಿ ಅಂಗಡಿಯ ಡಬ್ಬಿಯೊಂದರ ಮುಂದೆ ಕೈಕಟ್ಟಿ ನಿಲ್ಲುವುದಾದರೆ ಆ ಶಕ್ತಿಯನ್ನು ನಾವು ಶಾಲೆಯಲ್ಲಿ ಗಳಿಸಿದ್ದಾದರೂ ಏತಕ್ಕೆ?

ಮೊದಲು ಮಾರುವವರ ವಾದದಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ರೆಪ್ಪೆಯ ಚರ್ಮವು ನಮ್ಮ ದೇಹದಲ್ಲಿಯೇ ಅತ್ಯಂತ ತೆಳುವಾದದ್ದು. ಅದರ ಒಟ್ಟು ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅಂಗಾಲಿನಲ್ಲಾದರೋ ಹೊರಚರ್ಮವೊಂದೇ ಸುಮಾರು ಒಂದೂವರೆ ಮಿಲಿಮೀಟರು ಇರುತ್ತದೆ. ರೆಪ್ಪೆಯ ಅಡಿಯಲ್ಲಿ ಕೊಬ್ಬಿನ ಮೆತ್ತೆ ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳೂ ವಿರಳ. ಸಾಲದುದಕ್ಕೆ ಈ ಚರ್ಮವು ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಡಿಸುತ್ತ ಬಿಚ್ಚುತ್ತ ಇರಬೇಕು. ಆದುದರಿಂದ ಅದು ಬೇಗ ಒಣಗುವುದೂ, ಬೇಗ ಗೆರೆ ಬೀಳುವುದೂ, ಬೇಗ ಉರಿಯುವುದೂ ಸಹಜ. ಇಷ್ಟು ನಿಜ. ಆದರೆ ‘ಈ ಚರ್ಮ ಬೇರೆ ಬಗೆಯದು’ ಎಂಬ ಮಾತಿನಿಂದ ‘ಇದಕ್ಕೆ ಬೇರೆ ಕ್ರೀಮೇ ಬೇಕು’ ಎಂಬ ಮಾತಿಗೆ ಹಾರುವಾಗ ನಡುವೆ ಒಂದು ಕಂದಕವಿದೆ. ಅದನ್ನು ದಾಟಿಸಬಲ್ಲದ್ದು ಪ್ರಯೋಗ ಮಾತ್ರ.

ಚರ್ಮದ ಮೊದಲ ಕೆಲಸವೇ ಹೊರಗಿನ ವಸ್ತುಗಳನ್ನು ಹೊರಗೆ ತಡೆಯುವುದು. ಅದರ ಮೇಲ್ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು: ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆಗಳು, ಅವುಗಳ ನಡುವಿನ ಮೇದಸ್ಸೇ ಗಾರೆ. ಈ ಗೋಡೆಯ ಮೂಲಕ ಎಂತಹ ಅಣುಗಳು ಒಳಹೋಗಬಲ್ಲವು ಎಂಬುದನ್ನು ಕುರಿತು ಬಾಸ್ ಮತ್ತು ಮೈನಾರ್ಡಿ ಎಂಬ ವಿಜ್ಞಾನಿಗಳು 2000ನೆಯ ಇಸವಿಯಲ್ಲಿ ಒಂದು ಸ್ಥೂಲ ನಿಯಮವನ್ನು ಮಂಡಿಸಿದರು. ಅಣುತೂಕ 500 ಡಾಲ್ಟನ್ನಿಗಿಂತ ಹೆಚ್ಚಾದ ವಸ್ತುಗಳಿಗೆ ಆರೋಗ್ಯವಂತ ಚರ್ಮದಲ್ಲಿ ದಾರಿ ಇಲ್ಲವೆಂದೇ ಹೇಳಬಹುದು. ನೀರಿನ ಅಣುತೂಕ 18. ಚರ್ಮಕ್ಕೆ ಬಿಗಿತವನ್ನು ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನಿನ ಅಣುತೂಕವಾದರೋ ಸುಮಾರು 3,00,000! ಕೊಲ್ಯಾಜೆನ್ನನ್ನು ಕ್ರೀಮಿನಲ್ಲಿ ಬೆರೆಸಿ ಹಚ್ಚಿದರೆ ಅದು ಒಳಗಿಳಿದು ಸವೆದ ಕೊಲ್ಯಾಜೆನ್ನಿನ ಜಾಗವನ್ನು ತುಂಬುವುದೆಂಬುದು ಸೂಜಿಯ ಕಣ್ಣಿನಲ್ಲಿ ಆನೆಯನ್ನು ನಡೆಸಿದಂತೆ. ರೆಪ್ಪೆಯ ಗೋಡೆ ಬೇರೆಡೆಗಿಂತ ತೆಳು ಎಂಬುದು ನಿಜವಾದರೂ ಇಷ್ಟು ದೊಡ್ಡ ಬಾಗಿಲು ಅಲ್ಲಿಯೂ ಇಲ್ಲ.

ಹಾಗಾದರೆ ಕ್ರೀಮು ಹಚ್ಚಿದ ಮರುದಿನ ಗೆರೆಗಳು ತಗ್ಗಿದಂತೆ ತೋರುವುದು ಸುಳ್ಳೇ? ಸುಳ್ಳಲ್ಲ. ಗ್ಲಿಸರೀನಿನಂತಹ ವಸ್ತುಗಳು ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿಯಂತಹವು ನೀರು ಆವಿಯಾಗದಂತೆ ಮುಚ್ಚುತ್ತವೆ. ನೀರುಂಡ ಮೇಲ್ಪದರ ಉಬ್ಬುತ್ತದೆ, ಒಣಗಿದ್ದರಿಂದ ಮೂಡಿದ್ದ ಸಣ್ಣ ಗೆರೆಗಳು ಮರೆಯಾಗುತ್ತವೆ. ನೆನೆಹಾಕಿದ ಒಣದ್ರಾಕ್ಷಿ ಉಬ್ಬುವುದನ್ನು ನೋಡದವರಾರು? ಆದರೆ ಈ ಉಪಕಾರವು ಮುಖಕ್ಕೆ ಹಚ್ಚುವ ಸಾಮಾನ್ಯ ಕ್ರೀಮಿನಿಂದಲೂ ಆಗುತ್ತದೆ. ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಕಣ್ಣಿನ ಕ್ರೀಮನ್ನು ಬಹುಮಟ್ಟಿಗೆ 15 ಮಿಲಿಲೀಟರಿನ ಪುಟ್ಟ ಡಬ್ಬಿಗಳಲ್ಲಿ ಮಾರುತ್ತಾರೆ. ಅಂತಹದೊಂದಕ್ಕೆ 600 ರೂಪಾಯಿ, 100 ಮಿಲಿಲೀಟರಿನ ಸಾಮಾನ್ಯ ಕ್ರೀಮಿಗೆ 300 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮಿಲಿಲೀಟರಿಗೆ ಒಂದು 40 ರೂಪಾಯಿ, ಇನ್ನೊಂದು 3 ರೂಪಾಯಿ. ಹದಿಮೂರು ಪಟ್ಟು ಹೆಚ್ಚು ಕೊಡುವ ಮೊದಲು ಹದಿಮೂರು ಪಟ್ಟು ಲಾಭವೇನೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಗೋಡೆಯನ್ನು ದಾಟಬಲ್ಲ ಚಿಕ್ಕ ಅಣುಗಳ ಮಾತೇನು? ಕೆಫೀನಿನ ಅಣುತೂಕ 194. ಅದು ರಕ್ತನಾಳಗಳನ್ನು ಕುಗ್ಗಿಸಿ ಕಣ್ಣಿನ ಕೆಳಗಿನ ಊತವನ್ನು ಇಳಿಸುವುದೆಂದು ಹೇಳುತ್ತಾರೆ. ಆದರೆ ಒಳಹೋಗುವುದು ಬೇರೆ, ಒಳಹೋಗಿ ಗುಣ ತೋರುವುದು ಬೇರೆ. ಇದಕ್ಕೆ ದೊರೆತಿರುವ ಆಧಾರ ದುರ್ಬಲ. ‘ಎ’ ಜೀವಸತ್ವದ ಬಳಗಕ್ಕೆ ಸೇರಿದ ಟ್ರೆಟಿನಾಯಿನ್ ಮಾತ್ರ ಈ ಗುಂಪಿನಲ್ಲಿ ಗೌರವಕ್ಕೆ ಪಾತ್ರವಾದದ್ದು. ಬಿಸಿಲಿನಿಂದ ಕೆಟ್ಟ ಚರ್ಮವನ್ನು ಅದು ಸ್ವಲ್ಪಮಟ್ಟಿಗೆ ಸುಧಾರಿಸುತ್ತದೆಂದು ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ಆದರೆ ಅದು ವೈದ್ಯರ ಸಲಹೆಯಿಂದ ಬಳಸತಕ್ಕ ಔಷಧ. ತೆಳುಚರ್ಮವನ್ನು ಕೆರಳಿಸುವಂತಹದು, ಗರ್ಭಿಣಿಯರಿಗೆ ವರ್ಜ್ಯ. ಹದಿನೆಂಟರ ಹರೆಯದಲ್ಲಿ ಇನ್ನೂ ಬಾರದ ಸುಕ್ಕಿಗೆ ಅಂತಹ ಮದ್ದು ಏತಕ್ಕೆ?

ಇಲ್ಲಿ ಕಾಯಿದೆಯ ಮಾತನ್ನೂ ಸ್ವಲ್ಪ ತಿಳಿದಿರಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಪ್ರಕಾರ ಪ್ರಸಾಧನವೆಂದರೆ ಶುಚಿಗೊಳಿಸುವ, ಅಂದಗೊಳಿಸುವ ಅಥವಾ ತೋರಿಕೆಯನ್ನು ಬದಲಿಸುವ ವಸ್ತು. ರೋಗವನ್ನು ಗುಣಪಡಿಸುವುದು ಔಷಧ. ಡಬ್ಬಿಯ ಮೇಲಿನ ಬರಹವನ್ನು ನಿಧಾನವಾಗಿ ಓದಿ ನೋಡಿ. ‘ಸುಕ್ಕನ್ನು ಹೋಗಲಾಡಿಸುತ್ತದೆ’ ಎಂದಿರುವುದಕ್ಕಿಂತ ‘ಸುಕ್ಕು ಕಡಿಮೆಯಾದಂತೆ ಕಾಣುವುದು’ ಎಂದಿರುವುದೇ ಹೆಚ್ಚು. ಆ ‘ಅಂತೆ’ಯ ಬೆನ್ನಿಗೆ ‘ಕಂತೆ’ ಬರುವುದನ್ನು ನಮ್ಮ ಹಳ್ಳಿಯ ಅಜ್ಜಿಯರು ಚೆನ್ನಾಗಿ ಬಲ್ಲರು. ಹತ್ತರಲ್ಲಿ ಎಂಟು ಮಂದಿಗೆ ಗುಣ ಕಂಡಿತೆಂಬ ಜಾಹೀರಾತನ್ನು ಓದಿದಾಗಲೂ ಕೇಳಬೇಕಾದ ಪ್ರಶ್ನೆಗಳಿವೆ: ಯಾವುದಕ್ಕೆ ಹೋಲಿಸಿ? ಅಳೆದವರಾರು? ಹಚ್ಚಿಕೊಂಡವರಿಗೆ ತಾವು ಹಚ್ಚಿಕೊಂಡದ್ದು ಏನೆಂದು ಗೊತ್ತಿತ್ತೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ವಿದ್ಯಾರ್ಥಿಗಳು ತಾವೇ ಹುಡುಕಬಹುದು. ಮನೆಯಲ್ಲಿ ಯಾರಾದರೂ ಹಿರಿಯರು ಕಣ್ಣಿನ ಕ್ರೀಮನ್ನು ಈಗಾಗಲೇ ಬಳಸುತ್ತಿದ್ದು, ಅವರು ಒಪ್ಪಿದರೆ ಹೀಗೆ ಮಾಡಿರಿ. ಒಂದೇ ತೆರನಾದ ಎರಡು ಶುಭ್ರ ಡಬ್ಬಿಗಳನ್ನು ತೆಗೆದುಕೊಂಡು ಒಂದರಲ್ಲಿ ಆ ಕ್ರೀಮನ್ನೂ ಇನ್ನೊಂದರಲ್ಲಿ ಅವರು ಮುಖಕ್ಕೆ ಹಚ್ಚುವ ಸುವಾಸನೆಯಿಲ್ಲದ ಸಾಮಾನ್ಯ ಕ್ರೀಮನ್ನೂ ತುಂಬಿ, ‘ಅ’, ‘ಆ’ ಎಂದು ಗುರುತು ಹಾಕಿ ಗುಟ್ಟನ್ನು ನಿಮ್ಮಲ್ಲೇ ಇಟ್ಟುಕೊಳ್ಳಿರಿ. ಯಾವುದು ಎಡಗಣ್ಣಿಗೆ, ಯಾವುದು ಬಲಗಣ್ಣಿಗೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿರಿ. ಆರು ವಾರಗಳ ಕಾಲ ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಚಿತ್ರ ತೆಗೆದು, ಗುಟ್ಟು ತಿಳಿಯದ ಮೂರನೆಯವರಿಗೆ ತೋರಿಸಿ ತೀರ್ಪು ಕೇಳಿರಿ. ಉರಿ ಅಥವಾ ತುರಿಕೆ ಕಂಡರೆ ಪ್ರಯೋಗವನ್ನು ಅಂದೇ ನಿಲ್ಲಿಸತಕ್ಕದ್ದು. ಒಬ್ಬರ ಅನುಭವ ಪ್ರಮಾಣವಾಗಲಾರದು, ನಿಜ. ಆದರೆ ಹೋಲಿಕೆಯಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲವೆಂಬ ಪಾಠ ಇದರಿಂದ ಮನಸ್ಸಿನಲ್ಲಿ ನೆಲೆಯಾಗಿ ನಿಲ್ಲುವುದು.

ಚರ್ಮದ ಮುಪ್ಪನ್ನು ನಿಜವಾಗಿ ಮುಂದೂಡುವುದು ಯಾವುದು ಎಂಬುದಕ್ಕೆ ಇಂತಹ ಹೋಲಿಕೆಯ ಸಾಕ್ಷ್ಯವೇ ಇದೆ. ಅಮೆರಿಕದಲ್ಲಿ ಚಾಲಕನು ವಾಹನದ ಎಡಬದಿಯಲ್ಲಿ ಕೂರುತ್ತಾನೆ. ಅಲ್ಲಿ 28 ವರ್ಷ ಸರಕಿನ ಲಾರಿ ನಡೆಸಿದ 69 ವರ್ಷದವನೊಬ್ಬನ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಉತ್ತ ಹೊಲದಂತೆ ಸುಕ್ಕುಗಟ್ಟಿತ್ತು. ಬಲಗೆನ್ನೆ ಅಷ್ಟು ಕೆಟ್ಟಿರಲಿಲ್ಲ. ಮನುಷ್ಯನೊಬ್ಬನೇ, ವಯಸ್ಸೂ ಒಂದೇ; ಬೇರೆಯಾಗಿದ್ದುದು ಗಾಜಿನ ಮೂಲಕ ನುಸುಳಿಬಂದ ನೇರಳಾತೀತ ಕಿರಣಗಳ ಪ್ರಮಾಣ. ಆಸ್ಟ್ರೇಲಿಯದ ನ್ಯಾಂಬರ್ ಪಟ್ಟಣದಲ್ಲಿ 55 ವರ್ಷಕ್ಕೆ ಕೆಳಗಿನ 903 ಮಂದಿಯ ಕೈಯ ಹಿಂಬದಿಯ ಚರ್ಮದ ಅಚ್ಚು ತೆಗೆದು ಪರೀಕ್ಷಿಸಿದರು. ಬಿಸಿಲು ತಡೆಯುವ ಲೇಪವನ್ನು ದಿನವೂ ಹಚ್ಚಿದವರಲ್ಲಿ ನಾಲ್ಕೂವರೆ ವರ್ಷಗಳ ಅನಂತರ ಚರ್ಮದ ಮುಪ್ಪು, ಮನಬಂದಂತೆ ಹಚ್ಚಿದವರಿಗಿಂತ ಶೇಕಡಾ 24ರಷ್ಟು ಕಡಿಮೆಯಿದ್ದುದು 2013ರಲ್ಲಿ ಪ್ರಕಟವಾಯಿತು. ಕೊಡೆ, ಟೋಪಿ, ಬಿಸಿಲಿನ ಲೇಪ, ಇವುಗಳ ಮುಂದೆ ಕಣ್ಣಿನ ಕ್ರೀಮು ಬಡವಾಗುತ್ತದೆ.

ಕಣ್ಣಿನ ಕೆಳಗಿನ ಕಪ್ಪು ವಿದ್ಯಾರ್ಥಿಗಳನ್ನು ಸುಕ್ಕಿಗಿಂತ ಹೆಚ್ಚಾಗಿ ಬಾಧಿಸುತ್ತದೆ. ಅದು ಒಂದು ವಸ್ತುವಲ್ಲ, ಹಲವು. ಕೆಲವರಲ್ಲಿ ಅದು ವಂಶದಿಂದ ಬಂದ ಬಣ್ಣ. ನಮ್ಮ ದೇಶದಲ್ಲಿ ಇದು ಬಹಳ ಸಾಮಾನ್ಯ. ಕೆಲವರಲ್ಲಿ ತೆಳುಚರ್ಮದ ಮೂಲಕ ರಕ್ತನಾಳಗಳು ಕಾಣುತ್ತವೆ. ಇನ್ನು ಕೆಲವರಲ್ಲಿ ಅದು ಕೆನ್ನೆಯ ಮೇಲಿನ ತಗ್ಗಿನಲ್ಲಿ ಬೀಳುವ ಬರಿಯ ನೆರಳು. ಕಿಟಕಿಗೆ ಮುಖಮಾಡಿ ನಿಂತರೆ ಬಹುಭಾಗ ಮಾಯವಾಗುವುದು. ನೆರಳನ್ನು ಅಳಿಸುವ ಮುಲಾಮು ಎಲ್ಲಿಯಾದರೂ ಉಂಟೆ? ಅಜ್ಜನಿಂದ ಬಂದ ಬಣ್ಣಕ್ಕೆ ನಾಚಬೇಕಾದ ಕಾರಣವೂ ಇಲ್ಲ.

ನಾಚಿಕೆ ಅಪಾಯಕ್ಕೆ ದಾರಿ ಮಾಡುವುದೂ ಉಂಟು. ‘ಬೇಗ ಬಿಳುಪು’ ಮಾಡುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂತಹ ಮುಲಾಮುಗಳನ್ನು ಮಾರದಂತೆ ಭಾರತ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಕಣ್ಣಿನ ಸುತ್ತ ಇವನ್ನು ಬಹುಕಾಲ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುವುದಲ್ಲದೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಕಣ್ಣಿನ ಸುತ್ತಣ ಬದಲಾವಣೆ ಒಮ್ಮೊಮ್ಮೆ ದೇಹವು ಕಳುಹಿಸುವ ಓಲೆಯೂ ಆಗಿರುತ್ತದೆ. ಬೆಳಗಾಗೆದ್ದಾಗ ಸ್ವಲ್ಪ ಊದಿದ್ದು ಬೇಗ ಇಳಿಯುವುದು ಸಾಮಾನ್ಯ. ದಿನದಿನವೂ ರೆಪ್ಪೆಗಳು ಊದಿ ಕಾಲೂ ಬಾತರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಬೇಕು. ಸದಾ ತುರಿಸಿ ಉಜ್ಜುವುದರಿಂದ ಕಪ್ಪಾಗಿದ್ದರೆ ಅಲರ್ಜಿಗೆ ಮದ್ದು ಬೇಕು. ರಕ್ತಹೀನತೆಯಿಂದ ಮುಖ ಬಿಳಿಚಿಕೊಂಡರೆ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಾಣಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ನಮ್ಮ ಹೆಣ್ಣುಮಕ್ಕಳಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿತು. ಈ ಓಲೆಯ ಮೇಲೆ ಕ್ರೀಮನ್ನು ಬಳಿದು ಅಕ್ಷರಗಳನ್ನು ಮರೆಮಾಡಿದರೆ ನಷ್ಟ ಹಣದ್ದು ಮಾತ್ರವಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇದು: ರೆಪ್ಪೆ ಒಣಗಿ ಬಿರಿಯುವವರಿಗೆ, ಮುಖದ ಕ್ರೀಮು ಕಣ್ಣನ್ನು ಉರಿಸುವುದಾದರೆ, ಸುವಾಸನೆಯಿಲ್ಲದ ಸೌಮ್ಯವಾದ ಕ್ರೀಮೊಂದು ಉಪಯುಕ್ತ, ಅದರ ಹೆಸರು ‘ಕಣ್ಣಿನ ಕ್ರೀಮು’ ಎಂದೇ ಇರಬೇಕಾಗಿಲ್ಲ. ಉಳಿದವರಿಗೆ, ವಿಶೇಷವಾಗಿ ವಿದ್ಯಾರ್ಥಿಗಳಿಗೆ, ಅದು ಬೇಡ. ವೈದ್ಯರ ಬಳಿಗೆ ಹೋದಾಗ ಅವರು ಮೊದಲು ಮಾಡುವ ಕೆಲಸವನ್ನು ನೆನಪಿಸಿಕೊಳ್ಳಿರಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲನೆ ಕೆಳಗೆಳೆದು ಅದರ ಒಳಮಗ್ಗುಲು ಕೆಂಪಾಗಿದೆಯೇ, ಬಿಳಿಚಿದೆಯೇ ಎಂದು ಅವರು ನೋಡುತ್ತಾರೆ. ನಾವು ಕನ್ನಡಿಯ ಮುಂದೆ ನಿಂತು ಚಿಂತಿಸುವುದು ಅದೇ ರೆಪ್ಪೆಯ ಹೊರಮಗ್ಗುಲನ್ನು. ಕೈಯಲ್ಲಿರುವ 600 ರೂಪಾಯಿಯನ್ನು ಯಾವ ಮಗ್ಗುಲಿಗೆ ಖರ್ಚು ಮಾಡಬೇಕೆಂಬುದನ್ನು ವಾಚಕರೇ ನಿರ್ಧರಿಸಲಿ.