ಹೊಣೆಯಿಲ್ಲದ ನುಡಿ

ನುಡಿಯೊಂದು ಹೊರಟಿತೆಂದರೆ ಅದರ ಹಿಂದೆ ನುಡಿದವನೊಬ್ಬನು ನಿಂತಿರುತ್ತಾನೆ. ತಪ್ಪಾದರೆ ತಪ್ಪೆಂದು ಒಪ್ಪಿಕೊಳ್ಳುವುದಕ್ಕೂ, ಸತ್ಯವಾದರೆ ಅದಕ್ಕಾಗಿ ಕಷ್ಟವನ್ನು ಅನುಭವಿಸುವುದಕ್ಕೂ ಆತನು ಸಿದ್ಧನಾಗಿರಬೇಕು. ಈ ಹೊಣೆಗಾರಿಕೆಯೇ ಸಾಹಿತ್ಯದ ಪ್ರಾಣ. ಇಂದು ಕೃತಕ ಬುದ್ಧಿಮತ್ತೆಯೆಂಬ ಹೆಸರಿನಿಂದ ಮೆರೆಯುತ್ತಿರುವ ಯಂತ್ರವು ಈ ಪ್ರಾಣವನ್ನು ಬಿಟ್ಟು ದೇಹವನ್ನು ಮಾತ್ರ ಕಟ್ಟಿ ಪೇಟೆಗೆ ತಂದಿದೆ. ವಿದ್ಯಾವಂತರೇ ಅದನ್ನು ಸಾಹಿತ್ಯವೆಂದು ಕೊಂಡಾಡುತ್ತಿರುವುದು ಇನ್ನೂ ವಿಷಾದಕರವಾದ ಸಂಗತಿ.

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಕೈಗೆ ಕೊಟ್ಟಿತು. ಮೂರು ತಿಂಗಳು ತುಂಬುವ ಮೊದಲೇ ಅದರ ಪರಿಣಾಮ ಗೋಚರವಾಯಿತು. ವೈಜ್ಞಾನಿಕ ಕಥೆಗಳನ್ನು ಪ್ರಕಟಿಸುವ ಕ್ಲಾರ್ಕ್ಸ್‌ವರ್ಲ್ಡ್ ಎಂಬ ಅಮೆರಿಕದ ಮಾಸಪತ್ರಿಕೆಗೆ 2023ರ ಫೆಬ್ರವರಿಯಲ್ಲಿ ಯಂತ್ರಲಿಖಿತ ಕಥೆಗಳು ನೂರಾರು ಸಂಖ್ಯೆಯಲ್ಲಿ ಬಂದು ಬಿದ್ದವು. ಆ ತಿಂಗಳ 20ರಂದು ಸಂಪಾದಕ ನೀಲ್ ಕ್ಲಾರ್ಕ್ ಅವರು ಕಥೆಗಳ ಸ್ವೀಕಾರವನ್ನೇ ಸ್ವಲ್ಪಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು, ತನ್ನ ಮೂಲಕ ಸ್ವತಃ ಪುಸ್ತಕ ಪ್ರಕಟಿಸುವವರು ದಿನವೊಂದಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಸೇರಿಸಕೂಡದೆಂದು ಕಟ್ಟಳೆ ಮಾಡಿತು. ದಿನಕ್ಕೆ ಮೂರು ಪುಸ್ತಕ! ಮಿತಿಯೇ ಇಷ್ಟೆಂದ ಮೇಲೆ ಅತಿಯು ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಈ ಪ್ರವಾಹದಲ್ಲಿ ಮೊದಲು ಮುಳುಗುವವನು ಹೊಸ ಲೇಖಕ. ಆತನ ಹಸ್ತಪ್ರತಿಯನ್ನು ಓದಲು ಸಂಪಾದಕನಿಗೆ ಬಿಡುವೇ ದೊರೆಯದು. ಅನಂತರ ಮುಳುಗುವವನು ಬರಹವನ್ನೇ ನಂಬಿ ಬದುಕುವವನು. ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ಲೇಖಕರ ಸಂಘದ ಸುಮಾರು 11,500 ಸದಸ್ಯರು 2023ರ ಮೇ 2ರಿಂದ 148 ದಿನಗಳ ಕಾಲ ಲೇಖನಿಯನ್ನು ಕೆಳಗಿಟ್ಟು ಬೀದಿಯಲ್ಲಿ ನಿಂತರು. ವೇತನದ ಪ್ರಶ್ನೆಯೊಡನೆ ಈ ಯಂತ್ರದ ಪ್ರಶ್ನೆಯೂ ಅಲ್ಲಿ ಪ್ರಧಾನವಾಗಿದ್ದಿತು. ಕೊನೆಗೆ ಆದ ಒಪ್ಪಂದದಲ್ಲಿ ಯಂತ್ರವನ್ನು ಲೇಖಕನೆಂದು ಗಣಿಸಕೂಡದೆಂದೂ, ಅದನ್ನು ಬಳಸುವಂತೆ ಲೇಖಕನನ್ನು ಬಲವಂತಪಡಿಸಕೂಡದೆಂದೂ, ಯಂತ್ರಸೃಷ್ಟವಾದ ಬರಹವನ್ನು ಆತನ ಕೈಗಿಡುವಾಗ ಆ ಸಂಗತಿಯನ್ನು ತಿಳಿಸಲೇಬೇಕೆಂದೂ ಬರೆಯಲಾಯಿತು. ಐದು ತಿಂಗಳು ಗಳಿಕೆಯಿಲ್ಲದೆ ಕುಳಿತು ಮನುಷ್ಯರು ಗಳಿಸಿದ್ದು ಮನುಷ್ಯನೇ ಲೇಖಕನೆಂಬ ಮಾತನ್ನು. ಕಾಲದ ಗತಿಯನ್ನು ನೋಡಿರಿ!

ಇರಲಿ, ಈ ಯಂತ್ರಕ್ಕೆ ನುಡಿ ಬಂದುದಾದರೂ ಎಲ್ಲಿಂದ? ಮನುಷ್ಯರು ಬರೆದ ಲಕ್ಷಾಂತರ ಗ್ರಂಥಗಳಿಂದಲೇ. ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಅವುಗಳಿಂದ ಗ್ರಹಿಸಿ ಅದು ವಾಕ್ಯವನ್ನು ಹೆಣೆಯುತ್ತದೆ. ಬರೆದವರ ಅನುಮತಿಯನ್ನು ಯಾರು ಕೇಳಿದರು? 2025ರ ಜೂನ್ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದು, ಕ್ರಮವಾಗಿ ಕೊಂಡ ಪುಸ್ತಕಗಳಿಂದ ಯಂತ್ರಕ್ಕೆ ಶಿಕ್ಷಣ ನೀಡುವುದು ನ್ಯಾಯಸಮ್ಮತವೆಂದಿತು. ಆದರೆ ಕಳ್ಳಪ್ರತಿಗಳನ್ನು ಸಂಗ್ರಹಿಸಿಟ್ಟುಕೊಳ್ಳುವುದಕ್ಕೆ ಆ ರಕ್ಷಣೆಯಿಲ್ಲವೆಂದಿತು. ಆ ದಾವೆಯಲ್ಲಿ ಆಂತ್ರೊಪಿಕ್ ಎಂಬ ಸಂಸ್ಥೆಯು ಸುಮಾರು 5 ಲಕ್ಷ ಪುಸ್ತಕಗಳ ಸಂಬಂಧವಾಗಿ 150 ಕೋಟಿ ಡಾಲರುಗಳನ್ನು ತೆರಲು ಸೆಪ್ಟೆಂಬರಿನಲ್ಲಿ ಒಪ್ಪಿತು. ನ್ಯಾಯಾಲಯದ ಮೊದಲ ಮಾತನ್ನು ನಾವು ಬಲ್ಲೆವು. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಧರ್ಮ ಒಪ್ಪಬೇಕೆಂಬ ನಿಯಮವಿಲ್ಲ. ಒಬ್ಬನ ಹೊಲದ ಬೆಳೆಯಿಂದಲೇ ಕಣಜ ತುಂಬಿಸಿಕೊಂಡು, ಆತನನ್ನೇ ಹೊಲದಿಂದ ಹೊರಗಟ್ಟುವುದು ಯಾವ ನೀತಿ?

ಇಲ್ಲಿ ಪೂರ್ವಪಕ್ಷವೊಂದುಂಟು. ಮುದ್ರಣಯಂತ್ರ ಬಂದಾಗಲೂ ಪ್ರತಿಕಾರರು ಗೋಳಾಡಿರಬಹುದು. ಅದರಿಂದ ಸಾಹಿತ್ಯ ಬೆಳೆಯಿತಲ್ಲದೆ ಅಳಿಯಲಿಲ್ಲ. ಇದೂ ಹಾಗೆಯೇ ಎಂದು ಕೆಲವರು ವಾದಿಸುತ್ತಾರೆ. ಈ ಸಾಮ್ಯವು ಸಲ್ಲದು. ಮುದ್ರಣಯಂತ್ರವು ಮನುಷ್ಯನು ಆಡಿದ ಮಾತನ್ನು ಸಾವಿರ ಮನೆಗಳಿಗೆ ಮುಟ್ಟಿಸಿತು, ತಾನೇ ಮಾತನಾಡಲಿಲ್ಲ. ಅಚ್ಚಿನ ತಪ್ಪನ್ನು ತಿದ್ದಲು ಮೂಲಪ್ರತಿಯಿತ್ತು, ಮೂಲಪ್ರತಿಯ ಹಿಂದೆ ಕರ್ತೃವಿದ್ದನು. ಈ ಹೊಸ ಯಂತ್ರದ ತಪ್ಪನ್ನು ಯಾರ ಮುಂದಿಟ್ಟು ಕೇಳೋಣ? ಕುರುಡನಿಗೆ ಓದಿ ಹೇಳುವುದು, ಪದಸೂಚಿಯನ್ನು ಸಿದ್ಧಪಡಿಸುವುದು ಮುಂತಾದ ಕೆಲಸಗಳಿಗೆ ಯಂತ್ರವನ್ನು ಬಳಸುವುದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಸೇವಕನು ಯಜಮಾನನ ಪೀಠವನ್ನೇರುವುದಕ್ಕೆ ಮಾತ್ರ ನಮ್ಮ ಆಕ್ಷೇಪ.

ಇದು ದೂರದೇಶದ ಕಥೆಯೆಂದು ಉಪೇಕ್ಷಿಸುವಂತಿಲ್ಲ. ಈಚೆಗೆ ಅಭಿನಂದನ ಗ್ರಂಥವೊಂದಕ್ಕಾಗಿ ಬಂದ ಲೇಖನವನ್ನು ನೋಡಿಕೊಡಬೇಕೆಂದು ನಮ್ಮಲ್ಲಿಗೆ ತಂದಿದ್ದರು. ಭಾಷೆ ನಯವಾಗಿತ್ತು, ಕಾಗುಣಿತದ ದೋಷವೂ ಇರಲಿಲ್ಲ. ನಡುವೆ ಅಲ್ಲಮಪ್ರಭುದೇವರದೆಂದು ಒಂದು ವಚನ ಉದ್ಧೃತವಾಗಿತ್ತು. ಕೊನೆಯಲ್ಲಿ ಗುಹೇಶ್ವರ ಎಂಬ ಅಂಕಿತವೂ ಇದ್ದಿತು. ಓದಿದೊಡನೆ ಸಂಶಯ ಮೂಡಿ ಸಮಗ್ರ ವಚನ ಸಂಪುಟಗಳನ್ನು ಎರಡು ದಿನ ಶೋಧಿಸಿದೆವು; ಎಲ್ಲಿಯೂ ಸಿಗಲಿಲ್ಲ. ಲೇಖಕರನ್ನು ಕರೆಸಿ ಕೇಳಲಾಗಿ, ಲೇಖನವನ್ನು ಯಂತ್ರದಿಂದ ಬರೆಯಿಸಿದುದಾಗಿಯೂ, ವಚನವನ್ನು ತಾವು ಪರಿಶೀಲಿಸಲಿಲ್ಲವೆಂದೂ ತಲೆತಗ್ಗಿಸಿ ಒಪ್ಪಿಕೊಂಡರು. ಅವರು ಕೆಟ್ಟವರಲ್ಲ, ಆತುರದವರು. ಆದರೆ ಆ ಪುಟವು ಅಚ್ಚಾಗಿದ್ದರೆ ನಾಳೆ ಇನ್ನೊಬ್ಬರು ಅದನ್ನು ಆಧಾರವೆಂದು ಎತ್ತಿಕೊಳ್ಳುತ್ತಿದ್ದರು. ಯಂತ್ರವೂ ಅದನ್ನೇ ಓದಿ ಮತ್ತೆ ನಮಗೇ ಉಣಬಡಿಸುತ್ತಿದ್ದಿತು.

ಅಂಕಿತವೆಂದರೇನು? ಈ ಮಾತಿಗೆ ನನ್ನ ಇಷ್ಟದೈವವೇ ಸಾಕ್ಷಿ, ಇದರಂತೆ ನಡೆಯದಿದ್ದರೆ ನನ್ನನ್ನು ಕೇಳು ಎಂದು ಶರಣರು ಇಟ್ಟ ಮುದ್ರೆ ಅದು. ಕಟ್ಟಿಗೆ ಮಾರುವವನೂ ಹಗ್ಗ ಹೊಸೆಯುವವನೂ ತಮ್ಮ ಕಾಯಕದ ಬೆವರಿನಿಂದ ಆ ಮುದ್ರೆಯನ್ನು ಒತ್ತಿದರು. ನಡೆಯೇ ಇಲ್ಲದ ಯಂತ್ರವು ಆ ಮುದ್ರೆಯನ್ನು ಎರವಲು ತಂದು ಒತ್ತಿದರೆ, ಅದನ್ನು ಖೋಟಾ ನಾಣ್ಯವೆನ್ನದೆ ಬೇರೇನೆನ್ನಬೇಕು?

ಆದಕಾರಣ ನಮ್ಮ ಆಗ್ರಹ ಇಷ್ಟೇ. ಯಂತ್ರದಿಂದ ಬರೆಯಿಸಿದುದನ್ನು ಹಾಗೆಂದು ಸ್ಪಷ್ಟವಾಗಿ ನಮೂದಿಸಲಿ. ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಬಹುಮಾನ ಪದವಿಗಳನ್ನು ಕೊಡುವ ಮುನ್ನ ಕರ್ತೃವನ್ನು ಎದುರಿಗೆ ಕೂರಿಸಿ ನಾಲ್ಕು ಪ್ರಶ್ನೆ ಕೇಳಲಿ. ಲೇಖಕನ ಗ್ರಂಥವನ್ನು ಯಂತ್ರಕ್ಕೆ ಉಣಿಸುವವರು ಆತನ ಒಪ್ಪಿಗೆ ಪಡೆದು ಸಂಭಾವನೆ ಸಲ್ಲಿಸಲಿ. ಮಠಗಳೂ ಸಂಘಸಂಸ್ಥೆಗಳೂ ಅಗ್ಗಕ್ಕೆ ಸಿಗುವ ಅಕ್ಷರಕ್ಕೆ ಮರುಳಾಗದೆ, ಮನುಷ್ಯನಿಂದ ಬರೆಯಿಸಿ ಆತನ ಕೂಲಿಯನ್ನು ಕೊಡಲಿ. ಇದನ್ನು ಹೇಳುವ ನಾವೂ ಇದಕ್ಕೆ ಬದ್ಧರು. ಈ ಲೇಖನದಲ್ಲಿ ತಪ್ಪು ಕಂಡವರು ನಮಗೆ ಪತ್ರ ಬರೆಯಬಹುದು, ಉತ್ತರಿಸಲು ನಾವಿದ್ದೇವೆ.